ಗಣಿತ, ಭೌತವಿಜ್ಞಾನಗಳ ಮನೆಪಾಠ: ಪಾಲಕರು ತಿಳಿದಿರಬೇಕಾದ ವಿಷಯಗಳು

ಎಂಟನೆಯ ತರಗತಿಯವರೆಗೆ ಯಾವ ಅಡ್ಡಿಯೂ ಇಲ್ಲದೆ ಶಾಲೆಗೆ ಹೋಗಿ ಬರುತ್ತಿದ್ದ ಮಗು ಒಂಬತ್ತನೆಯ ತರಗತಿಯ ಮೊದಲ ಪರೀಕ್ಷೆಯಲ್ಲಿ ಗಣಿತಕ್ಕೆ 80ಕ್ಕೆ 23 ಅಂಕ ತೆಗೆದುಕೊಂಡು ಬಂದರೆ ಮನೆಯ ವಾತಾವರಣವೇ ಬದಲಾಗುತ್ತದೆ. ತಂದೆಯವರು ಕಚೇರಿಯಿಂದ ಮರಳುವುದು ರಾತ್ರಿ ಎಂಟಕ್ಕೆ. ತಾಯಿಗೆ ತಾವು ಓದಿದ ಪಠ್ಯಕ್ರಮ ಬೇರೆ, ಭಾಷೆ ಬೇರೆ. ನೆರೆಮನೆಯವರ ಸಲಹೆಯಂತೆ ಒಬ್ಬ ಶಿಕ್ಷಕರನ್ನು ಗೊತ್ತುಮಾಡಲಾಗುತ್ತದೆ. ತಿಂಗಳ ವೆಚ್ಚಕ್ಕೆ ಹೊಸದೊಂದು ಬಾಬ್ತು ಸೇರುತ್ತದೆ. ಆರು ತಿಂಗಳ ತರುವಾಯ ಅಂಕ 23ರಿಂದ 31ಕ್ಕೆ ಏರಿರುತ್ತದೆ ಅಥವಾ ಇದ್ದಲ್ಲಿಯೇ ಇರುತ್ತದೆ. ಮಗು ಮಾತ್ರ ತನಗೆ ಗಣಿತ ಬಾರದೆಂಬ ತೀರ್ಮಾನಕ್ಕೆ ಬಂದಿರುತ್ತದೆ. ಕಳೆದುಹೋದ ಹಣಕ್ಕಿಂತ ಈ ತೀರ್ಮಾನವೇ ದೊಡ್ಡ ನಷ್ಟ. ಏಕೆಂದರೆ ಹತ್ತನೆಯ ತರಗತಿಯ ಅನಂತರ ಯಾವ ವಿಭಾಗಕ್ಕೆ ಸೇರಬೇಕೆಂಬುದು ಬಹುಮಟ್ಟಿಗೆ ಇದರ ಮೇಲೆಯೇ ನಿರ್ಧಾರವಾಗುತ್ತದೆ.

ಮನೆಪಾಠ ಇಂದು ಕೆಲವೇ ಕುಟುಂಬಗಳ ವಿಚಾರವಾಗಿ ಉಳಿದಿಲ್ಲ. ರಾಷ್ಟ್ರೀಯ ಮಾದರಿ ಸಮೀಕ್ಷೆಯ 80ನೆಯ ಸುತ್ತಿನ ಅಂಗವಾಗಿ 2025ರ ಏಪ್ರಿಲ್‌ನಿಂದ ಜೂನ್‌ವರೆಗೆ ನಡೆದ ಶಿಕ್ಷಣ ಸಮೀಕ್ಷೆಯ ಪ್ರಕಾರ, ದೇಶದ ವಿದ್ಯಾರ್ಥಿಗಳಲ್ಲಿ ಶೇಕಡ 27ರಷ್ಟು ಮಂದಿ ಆ ಶೈಕ್ಷಣಿಕ ವರ್ಷದಲ್ಲಿ ಯಾವುದಾದರೊಂದು ಬಗೆಯ ಖಾಸಗಿ ಪಾಠಕ್ಕೆ ಹೋಗುತ್ತಿದ್ದರು ಅಥವಾ ಹೋಗಿದ್ದರು. ನಗರಗಳಲ್ಲಿ ಈ ಪ್ರಮಾಣ ಶೇಕಡ 30.7, ಗ್ರಾಮಗಳಲ್ಲಿ ಶೇಕಡ 25.5. ನಗರವಾಸಿ ಕುಟುಂಬವು ಹೈಯರ್ ಸೆಕೆಂಡರಿ ಹಂತದ ಪ್ರತಿ ವಿದ್ಯಾರ್ಥಿಯ ಖಾಸಗಿ ಪಾಠಕ್ಕೆ ಮಾಡುವ ವಾರ್ಷಿಕ ವೆಚ್ಚ ಸರಾಸರಿ 9,950 ರೂಪಾಯಿ. ಪಾಠಕ್ಕೆ ಹೋಗದವರನ್ನೂ ಲೆಕ್ಕಕ್ಕೆ ಹಿಡಿದು ತೆಗೆದ ಸರಾಸರಿ ಇದು. ವಾಸ್ತವವಾಗಿ ಶುಲ್ಕ ತೆರುವವರ ಹೊರೆ ಇದಕ್ಕಿಂತ ಹೆಚ್ಚು. ಈ ಅಂಕಿಗಳಲ್ಲಿ ನೂರಾರು ಮಕ್ಕಳು ಕುಳಿತುಕೊಳ್ಳುವ ಕೋಚಿಂಗ್ ಕೇಂದ್ರಗಳೂ ಸೇರಿವೆ. ಇಲ್ಲಿ ಹೇಳಹೊರಟಿರುವುದು ಮಾತ್ರ ಒಬ್ಬ ವಿದ್ಯಾರ್ಥಿಗೆ ಒಬ್ಬ ಶಿಕ್ಷಕರು ಮನೆಯಲ್ಲಿಯೇ ನೀಡುವ ಪಾಠವನ್ನು ಕುರಿತು. ಅದು ಯಾವುದಕ್ಕೆ ನೆರವಾಗುತ್ತದೆ, ಯಾವುದಕ್ಕೆ ನೆರವಾಗದು ಎಂಬುದನ್ನು ತಿಳಿದು ಹಣ ವೆಚ್ಚ ಮಾಡುವುದು ಲೇಸು.

ತಪ್ಪು ಉತ್ತರದ ಬೆಲೆ

ಚರಿತ್ರೆಯಲ್ಲಿ ಮೌರ್ಯರ ಪಾಠ ತಪ್ಪಿಹೋದ ವಿದ್ಯಾರ್ಥಿ ವಿಜಯನಗರದ ಪಾಠವನ್ನು ಓದಿ ತಿಳಿಯಬಲ್ಲ. ಗಣಿತದಲ್ಲಿ ಹಾಗಾಗದು. ಅಲ್ಲಿ ಪ್ರತಿಯೊಂದು ಪಾಠವೂ ಹಿಂದಿನ ಪಾಠದ ಮೇಲೆ ನಿಂತಿದೆ. ಭೌತವಿಜ್ಞಾನವಾದರೋ ಗಣಿತದ ಮೇಲೆಯೇ ನಿಂತಿದೆ. ಆದುದರಿಂದ ಒಂಬತ್ತನೆಯ ತರಗತಿಯಲ್ಲಿ ಎಡವುವ ಮಗು ನಿಜವಾಗಿ ಎಡವಿದ್ದು ಆರನೆಯದರಲ್ಲಿಯೋ ಏಳನೆಯದರಲ್ಲಿಯೋ ಇರುತ್ತದೆ. ಎಲ್ಲಿ ಎಡವಿತೆಂಬುದನ್ನು ಹುಡುಕಿ ತೆಗೆಯುವುದೇ ಮನೆಪಾಠದ ಮೊದಲನೆಯ ಕೆಲಸ.

ಒಂದು ಉದಾಹರಣೆಯನ್ನು ನೋಡೋಣ. ಗಂಟೆಗೆ 72 ಕಿಲೋಮೀಟರಿನಂತೆ ಹೋಗುತ್ತಿರುವ ಕಾರೊಂದು ಬ್ರೇಕ್ ಹಾಕಿದ ಮೇಲೆ ಒಂದೇ ಸಮನಾಗಿ ನಿಧಾನಗೊಂಡು 5 ಸೆಕೆಂಡುಗಳಲ್ಲಿ ನಿಲ್ಲುತ್ತದೆ. ಅಷ್ಟರಲ್ಲಿ ಅದು ಕ್ರಮಿಸಿದ ದೂರವೆಷ್ಟು? ಇದು ಒಂಬತ್ತನೆಯ ತರಗತಿಯ ಮಟ್ಟದ ಪ್ರಶ್ನೆ. ಗಂಟೆಗೆ 72 ಕಿಲೋಮೀಟರೆಂದರೆ ಸೆಕೆಂಡಿಗೆ 20 ಮೀಟರು. ಅದು 5 ಸೆಕೆಂಡಿನಲ್ಲಿ ಸೊನ್ನೆಗೆ ಇಳಿಯುತ್ತದೆ. ಅಂದರೆ ಸೆಕೆಂಡಿಗೆ 4 ಮೀಟರಿನಂತೆ ಇಳಿಯುತ್ತ ಹೋಗುತ್ತದೆ. ಸರಿಯುತ್ತರ 50 ಮೀಟರು.

ತರಗತಿಯಲ್ಲಿ ನಾಲ್ವರು ವಿದ್ಯಾರ್ಥಿಗಳು ಈ ಲೆಕ್ಕ ಮಾಡಿದರೆಂದು ಭಾವಿಸೋಣ. ಮೊದಲನೆಯವನು 50 ಎಂದು ಬರೆದಿದ್ದಾನೆ. ಎರಡನೆಯವಳ ಉತ್ತರ 180, ಮೂರನೆಯವನದು 150. ನಾಲ್ಕನೆಯವಳು ಋಣ ಚಿಹ್ನೆ ಹಾಕಿ 100 ಎಂದು ಬರೆದಿದ್ದಾಳೆ. ನಲವತ್ತು ಐವತ್ತು ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಬೇಕಾದ ಶಾಲಾ ಶಿಕ್ಷಕರು ಕಡೆಯ ಮೂರಕ್ಕೂ ಕೆಂಪು ಗೆರೆ ಎಳೆದು ಮುಂದೆ ಸಾಗುತ್ತಾರೆ. ಅದು ಅವರ ಅನಿವಾರ್ಯತೆ. ಆದರೆ ಈ ಮೂರು ತಪ್ಪುಗಳು ಮೂರು ಬೇರೆ ಬೇರೆ ಕಾಯಿಲೆಗಳು. 180 ಎಂದು ಬರೆದವಳಿಗೆ ಚಲನೆಯ ಸೂತ್ರಗಳು ಚೆನ್ನಾಗಿಯೇ ತಿಳಿದಿವೆ. ಕಿಲೋಮೀಟರನ್ನು ಮೀಟರಿಗೂ ಗಂಟೆಯನ್ನು ಸೆಕೆಂಡಿಗೂ ಪರಿವರ್ತಿಸದೆ 72ನ್ನು ಹಾಗೆಯೇ ಇಟ್ಟುಕೊಂಡಿದ್ದಾಳೆ. 150 ಎಂದವನು ಪರಿವರ್ತನೆಯನ್ನು ಸರಿಯಾಗಿ ಮಾಡಿದ್ದಾನೆ. ಕಾರು ನಿಧಾನಗೊಳ್ಳುತ್ತಿರುವುದನ್ನು ಸೂಚಿಸುವ ಋಣ ಚಿಹ್ನೆಯನ್ನು ಬಿಟ್ಟುಬಿಟ್ಟಿರುವುದರಿಂದ 100ರಿಂದ 50ನ್ನು ಕಳೆಯುವ ಬದಲು ಕೂಡಿದ್ದಾನೆ. ಋಣ 100 ಎಂದವಳ ತೊಂದರೆ ಭೌತವಿಜ್ಞಾನದ್ದೇ ಅಲ್ಲ, ಬೀಜಗಣಿತದ್ದು. ಕಾಲವನ್ನು ಮಾತ್ರ ವರ್ಗಮಾಡಬೇಕಾದ ಕಡೆ 4 ಮತ್ತು 5ರ ಗುಣಲಬ್ಧವನ್ನೇ ವರ್ಗಮಾಡಿದ್ದಾಳೆ. ಈ ಮೂವರಿಗೂ ಚಲನೆಯ ಪಾಠವನ್ನು ಮತ್ತೊಮ್ಮೆ ಆರಂಭದಿಂದ ಬೋಧಿಸಿದರೆ ಮೂವರ ಕಾಲವೂ ವ್ಯರ್ಥ. ಒಬ್ಬಳಿಗೆ ಬೇಕಾದುದು ಮಾನಗಳ ಅಭ್ಯಾಸ, ಇನ್ನೊಬ್ಬನಿಗೆ ದಿಕ್ಕಿನ ಪರಿಜ್ಞಾನ, ಮತ್ತೊಬ್ಬಳಿಗೆ ಏಳೆಂಟನೆಯ ತರಗತಿಯ ಘಾತಾಂಕಗಳ ಪಾಠ.

ಒಳ್ಳೆಯ ಬೋಧಕರು ಇಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗುತ್ತಾರೆ. ಬ್ರೇಕ್ ಹಾಕದೆಯೇ ಇದ್ದಿದ್ದರೆ ಕಾರು 5 ಸೆಕೆಂಡಿನಲ್ಲಿ ಎಷ್ಟು ದೂರ ಹೋಗುತ್ತಿತ್ತೆಂದು ಕೇಳುತ್ತಾರೆ. ಸೆಕೆಂಡಿಗೆ 20ರಂತೆ 100 ಮೀಟರು. ಹಾಗಾದರೆ ಬ್ರೇಕ್ ಹಾಕಿದ ಕಾರು 150 ಮೀಟರು ಹೋಗುವುದು ಸಾಧ್ಯವೇ? ಈ ಪ್ರಶ್ನೆಗೆ ಯಾವ ಸೂತ್ರವೂ ಬೇಕಾಗಿಲ್ಲ. ತನ್ನ ಉತ್ತರವನ್ನು ತಾನೇ ಹೀಗೆ ಅನುಮಾನಿಸಿ ನೋಡುವ ಅಭ್ಯಾಸ ಮಗುವಿಗೆ ಬಂದರೆ ಮನೆಪಾಠದ ಅರ್ಧ ಉದ್ದೇಶ ಈಡೇರಿದಂತೆ. ತರಗತಿಯಲ್ಲಿ ಈ ಪ್ರಶ್ನೆ ಕೇಳಿದರೆ ಉತ್ತರ ಬಲ್ಲ ನಾಲ್ಕಾರು ಮಕ್ಕಳು ಒಡನೆಯೇ ಹೇಳಿಬಿಡುತ್ತಾರೆ. ಉಳಿದವರು ಯೋಚಿಸುವ ಮೊದಲೇ ಸಂದರ್ಭ ಮುಗಿದಿರುತ್ತದೆ. ಎದುರಿಗೆ ಒಂದೇ ಮಗು ಕುಳಿತಿದ್ದಾಗ ಶಿಕ್ಷಕರು ಎರಡು ನಿಮಿಷ ಸುಮ್ಮನೆ ಕಾಯಬಹುದು.

ಹತ್ತನೆಯ ತರಗತಿಯ ವಿದ್ಯುತ್ತಿನ ಪಾಠದಲ್ಲಿ ಕಂಡುಬರುವ ಇನ್ನೊಂದು ತಪ್ಪು ಇದಕ್ಕಿಂತಲೂ ಬೋಧಪ್ರದ. 2 ಓಮ್ ಮತ್ತು 3 ಓಮ್‌ಗಳ ಎರಡು ರೋಧಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧವೆಷ್ಟು? 1/2 ಮತ್ತು 1/3ನ್ನು ಕೂಡಿದರೆ 5/6. ಅದನ್ನು ತಿರುವಿದರೆ 6/5, ಅಂದರೆ 1.2 ಓಮ್. ಹಲವು ಮಕ್ಕಳು ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿ 2/5 ಎಂದು ಬರೆದು, ಅದನ್ನು ತಿರುವಿ 2.5 ಓಮ್ ಎನ್ನುತ್ತಾರೆ. ಸಮಾಂತರ ಜೋಡಣೆಯಲ್ಲಿ ಒಟ್ಟು ರೋಧವು ಅತಿ ಚಿಕ್ಕ ರೋಧಕ್ಕಿಂತಲೂ ಕಡಿಮೆ ಇರಲೇಬೇಕು; 2.5 ಎಂಬುದು 2ಕ್ಕಿಂತ ಹೆಚ್ಚು. ಆದ್ದರಿಂದ ಉತ್ತರ ತಪ್ಪು. ಇದು ಭಿನ್ನರಾಶಿಗಳ ಸಂಕಲನ, ಅಂದರೆ ಪ್ರಾಥಮಿಕ ಶಾಲೆಯ ಪಾಠ. ನಾಲ್ಕೈದು ವರ್ಷ ಯಾರ ಕಣ್ಣಿಗೂ ಬೀಳದೆ ಉಳಿದ ಬಿರುಕು ಹತ್ತನೆಯ ತರಗತಿಯ ಭೌತವಿಜ್ಞಾನದಲ್ಲಿ ಹೊರಬಿದ್ದಿದೆ. ಇನ್ನು ಕೆಲವರು 5/6ರವರೆಗೆ ಸರಿಯಾಗಿ ಬಂದು ಅದನ್ನು ತಿರುವುವುದನ್ನೇ ಮರೆತು 0.83 ಎಂದು ಬರೆಯುತ್ತಾರೆ. ಈ ಉತ್ತರ ಮೇಲಿನ ಪರೀಕ್ಷೆಯಲ್ಲಿಯೂ ಪಾರಾಗುತ್ತದೆ! ಇದನ್ನು ಹಿಡಿಯಬೇಕಾದರೆ ಮಗು ಲೆಕ್ಕ ಮಾಡುತ್ತಿರುವಾಗ ಪಕ್ಕದಲ್ಲಿ ಕುಳಿತು ನೋಡಲೇಬೇಕು.

ಒಬ್ಬರಿಗೊಬ್ಬರ ಪಾಠದ ಪ್ರಯೋಜನವನ್ನು ಅಳೆಯುವ ಯತ್ನಗಳೂ ನಡೆದಿವೆ. ಅಮೆರಿಕದ ಶಿಕ್ಷಣತಜ್ಞ ಬೆಂಜಮಿನ್ ಬ್ಲೂಮ್ 1984ರಲ್ಲಿ ಪ್ರಕಟಿಸಿದ ಲೇಖನವೊಂದರಲ್ಲಿ, ಒಬ್ಬರೇ ಬೋಧಕರಿಂದ ಪಾಠ ಕಲಿತ ಸಾಧಾರಣ ವಿದ್ಯಾರ್ಥಿಯ ಮಟ್ಟವು ತರಗತಿಯ ಸರಾಸರಿಗಿಂತ ಎರಡು ಮಾನಕ ವಿಚಲನೆಗಳಷ್ಟು ಮೇಲಿತ್ತೆಂದು ತಿಳಿಸಿದರು. ಸಾಮಾನ್ಯ ತರಗತಿಯಲ್ಲಿ ನೂರಕ್ಕೆ ಇಬ್ಬರು ಮುಟ್ಟುವ ಮಟ್ಟವದು. ಈ ಮಾತನ್ನು ಜಾಹೀರಾತುಗಳು ಇಂದಿಗೂ ಬಳಸಿಕೊಳ್ಳುತ್ತಿವೆ. ಆದರೆ 2011ರಲ್ಲಿ ಕರ್ಟ್ ವ್ಯಾನ್‌ಲೇನ್ ಎಂಬ ವಿದ್ವಾಂಸರು ಅನೇಕ ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದಾಗ ಪರಿಣಾಮವು 0.79 ಮಾನಕ ವಿಚಲನೆಯಷ್ಟೇ ಕಂಡುಬಂತು. ಬ್ಲೂಮ್ ಹೇಳಿದುದರ ಅರ್ಧಕ್ಕಿಂತ ಕಡಿಮೆಯಾದರೂ ಇದು ಗಣನೀಯವಾದದ್ದೇ. ಶಿಕ್ಷಕರು ಹೆಚ್ಚು ಹೊತ್ತು ವಿವರಿಸಿದುದರಿಂದ ಅಷ್ಟೇ ಈ ಫಲ ಬರುವುದಿಲ್ಲ. ವಿದ್ಯಾರ್ಥಿಯ ಪ್ರತಿಯೊಂದು ಹೆಜ್ಜೆಗೂ ಆಗಿಂದಾಗ್ಗೆ ಮರುಮಾತು ಸಿಗುವುದು ಮುಖ್ಯ.

ಒಂದೇ ಪದ, ಹಲವು ಅರ್ಥ

ಕರ್ನಾಟಕದ ಹೊರಗೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಒಂದು ವಿಶೇಷ ತೊಡಕಿದೆ. ಇದನ್ನು ಹೆಚ್ಚಿನವರು ಗಮನಿಸಿದಂತಿಲ್ಲ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ತಂದೆ ಅಥವಾ ತಾಯಿ ಮಗುವಿಗೆ ಭೌತವಿಜ್ಞಾನವನ್ನು ಹೇಳಿಕೊಡಲು ಕುಳಿತಾಗ, ವಿಷಯ ಸರಿಯಾಗಿದ್ದರೂ ಪದಗಳು ದಾರಿ ತಪ್ಪಿಸುತ್ತವೆ. ಏಕೆಂದರೆ ನಮ್ಮ ಭಾಷೆಗಳಲ್ಲಿ ಹಲವು ವಿಜ್ಞಾನದ ಕೆಲವು ಪಾರಿಭಾಷಿಕ ಪದಗಳನ್ನು ಸಂಸ್ಕೃತದ ಒಂದೇ ಕಣಜದಿಂದ ತೆಗೆದುಕೊಂಡರೂ ಬೇರೆ ಬೇರೆ ಅರ್ಥಕ್ಕೆ ಹಚ್ಚಿವೆ.

'ವೇಗ' ಎಂಬ ಪದವನ್ನೇ ತೆಗೆದುಕೊಳ್ಳಿ. ಆಡುಮಾತಿನಲ್ಲಿ ಬಸ್ಸು ವೇಗವಾಗಿ ಹೋಯಿತೆನ್ನುತ್ತೇವೆ. ಕನ್ನಡ ಪಠ್ಯಪುಸ್ತಕದಲ್ಲಿ ಮಾತ್ರ ಸ್ಪೀಡ್ ಎಂಬುದಕ್ಕೆ 'ಜವ' ಎಂದೂ, ದಿಕ್ಕನ್ನು ಒಳಗೊಂಡ ವೆಲಾಸಿಟಿಗೆ 'ವೇಗ' ಎಂದೂ ಹೆಸರು. ತೆಲುಗಿನಲ್ಲಿ ಸ್ಪೀಡ್ ಎಂದರೆ 'ವಡಿ', ವೆಲಾಸಿಟಿಗೆ 'ವೇಗಂ'. ಹಿಂದಿಯಲ್ಲಿಯೂ ಮರಾಠಿಯಲ್ಲಿಯೂ ಸ್ಪೀಡ್ 'ಚಾಲ್', ವೆಲಾಸಿಟಿ 'ವೇಗ್'. ಇಲ್ಲಿಯವರೆಗೆ ಸರಿ. ಆದರೆ ತಮಿಳು ಪುಸ್ತಕದಲ್ಲಿ 'ವೇಗಂ' ಎಂದರೆ ಸ್ಪೀಡ್. ವೆಲಾಸಿಟಿಗೆ ದಿಕ್ಕನ್ನು ಸೂಚಿಸುವ 'ತಿಸೈವೇಗಂ' ಎಂಬ ಬೇರೆಯೇ ಪದವಿದೆ. ಚೆನ್ನೈಯಲ್ಲಿ ತಮಿಳು ಮಾಧ್ಯಮದ ಮಗುವಿಗೆ ಕನ್ನಡದ ತಂದೆ 'ವೇಗಕ್ಕೆ ದಿಕ್ಕಿರುತ್ತದೆ' ಎಂದರೆ ಅದು ಪರೀಕ್ಷೆಯಲ್ಲಿ ತಪ್ಪು ಉತ್ತರವಾಗುತ್ತದೆ.

'ಶಕ್ತಿ' ಇನ್ನೂ ಅಪಾಯಕಾರಿ. ಕನ್ನಡದಲ್ಲಿ ಎನರ್ಜಿಯೇ ಶಕ್ತಿ. ಪವರ್ ಎಂಬುದಕ್ಕೆ 'ಸಾಮರ್ಥ್ಯ' ಎನ್ನುತ್ತೇವೆ. ಹಿಂದಿ, ಮರಾಠಿ ಪುಸ್ತಕಗಳಲ್ಲಿ ಎನರ್ಜಿ 'ಊರ್ಜಾ'. 'ಶಕ್ತಿ' ಎಂದರೆ ಪವರ್. ಮೊದಲನೆಯದನ್ನು ಅಳೆಯುವುದು ಜೂಲ್‌ನಲ್ಲಿ, ಎರಡನೆಯದನ್ನು ವ್ಯಾಟ್‌ನಲ್ಲಿ. ವಿದ್ಯುತ್ ಬಿಲ್ಲಿನ ಯೂನಿಟ್ಟು ಎನರ್ಜಿಯದು, ಬಲ್ಬಿನ ಮೇಲೆ ಬರೆದಿರುವ ಸಂಖ್ಯೆ ಪವರಿನದು. ಹಾಗೆಯೇ ಕನ್ನಡದಲ್ಲಿ 'ರಾಶಿ' ಎಂದರೆ ವಸ್ತುವಿನ ದ್ರವ್ಯದ ಮೊತ್ತ, ಮಾಸ್. ಹಿಂದಿ ಪುಸ್ತಕದಲ್ಲಿ 'ರಾಶಿ' ಎಂದರೆ ಅಳೆಯಬಹುದಾದ ಯಾವುದೇ ಪರಿಮಾಣ. ಮಾಸ್‌ಗೆ 'ದ್ರವ್ಯಮಾನ್', ಮರಾಠಿಯಲ್ಲಿ 'ವಸ್ತುಮಾನ್'. ದೆಹಲಿಯಲ್ಲಿ ಹಿಂದಿ ಮಾಧ್ಯಮದಲ್ಲಿ ಓದುವ ಮಗುವಿಗೆ 'ರಾಶಿ ಬೇರೆ, ತೂಕ ಬೇರೆ' ಎಂದು ಕನ್ನಡದಲ್ಲಿ ತಿಳಿಸಿ ಹೇಳಿದರೆ ಅದು ಕಣ್ಣುಕಣ್ಣು ಬಿಡುವುದರಲ್ಲಿ ಆಶ್ಚರ್ಯವಿಲ್ಲ.

ಹೀಗೆಂದು ತಾಯಿನುಡಿಯನ್ನು ಪಾಠದಿಂದ ದೂರವಿಡಬೇಕೆಂದಲ್ಲ. ಅದಕ್ಕೆ ವಿರುದ್ಧವಾದುದೇ ಸರಿ. ಇಂಗ್ಲಿಷಿನಲ್ಲಿ ನ್ಯೂಟನ್ನನ ಮೊದಲನೆಯ ನಿಯಮವನ್ನು ಉರುಹೊಡೆದು ಒಪ್ಪಿಸುವ ಮಗುವಿಗೆ, ಬಸ್ಸು ಥಟ್ಟನೆ ನಿಂತಾಗ ನಾವು ಮುಂದಕ್ಕೆ ಬಾಗುವುದೇಕೆಂದು ಅಜ್ಜಿಗೆ ಕನ್ನಡದಲ್ಲಿ ತಿಳಿಸಿ ಹೇಳೆಂದರೆ, ಅರ್ಥವಾಗಿದೆಯೋ ಇಲ್ಲವೋ ಎಂಬುದು ಎರಡೇ ನಿಮಿಷದಲ್ಲಿ ಬಯಲಾಗುತ್ತದೆ. ವಿಚಾರವನ್ನು ಮನೆಯ ಮಾತಿನಲ್ಲಿ ಚರ್ಚಿಸುವುದು, ಪಾರಿಭಾಷಿಕ ಪದವನ್ನು ಮಾತ್ರ ಶಾಲೆಯ ಪುಸ್ತಕದಲ್ಲಿರುವಂತೆಯೇ ಇಟ್ಟುಕೊಳ್ಳುವುದು ಎಲ್ಲಕ್ಕಿಂತ ಸುಲಭವಾದ ಮಾರ್ಗ. ಮನೆಪಾಠಕ್ಕೆ ಕನ್ನಡ ಬಲ್ಲ ಶಿಕ್ಷಕರು ದೊರೆತರೆ ಅನುಕೂಲವೇ, ದೊರೆಯದಿದ್ದರೂ ಚಿಂತೆಯಿಲ್ಲ. ಶಾಲೆಯ ಪುಸ್ತಕವನ್ನು ಬಲ್ಲವರಾಗಿರುವುದು ಅದಕ್ಕಿಂತ ಮುಖ್ಯ.

ಪಠ್ಯಕ್ರಮಗಳ ವ್ಯತ್ಯಾಸವೂ ಇದೆ. ಕರ್ನಾಟಕದಿಂದ ವರ್ಗವಾಗಿ ಬಂದ ಕುಟುಂಬಗಳು ಇದನ್ನು ಮೊದಲೇ ವಿಚಾರಿಸಿಕೊಳ್ಳುವುದು ಒಳಿತು. ಮಹಾರಾಷ್ಟ್ರದಲ್ಲಿ 2018ರಲ್ಲಿ ಹೊರಬಂದ ಹತ್ತನೆಯ ತರಗತಿಯ ವಿಜ್ಞಾನದ ಮೊದಲ ಭಾಗ ಗುರುತ್ವಾಕರ್ಷಣೆಯಿಂದ ಆರಂಭವಾಗುತ್ತದೆ; ಗಣಿತದಲ್ಲಿ ಬೀಜಗಣಿತ, ರೇಖಾಗಣಿತಗಳಿಗೆ ಪ್ರತ್ಯೇಕ ಪುಸ್ತಕಗಳು, ಪ್ರತ್ಯೇಕ ಪತ್ರಿಕೆಗಳು. ತಮಿಳುನಾಡಿನ 2019ರ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದ ಮೊದಲ ಪಾಠ ಚಲನೆಯ ನಿಯಮಗಳು. ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯು 2020ರ ಪರೀಕ್ಷೆಯಿಂದ ಹತ್ತನೆಯ ತರಗತಿಯ ಗಣಿತಕ್ಕೆ ಸ್ಟ್ಯಾಂಡರ್ಡ್, ಬೇಸಿಕ್ ಎಂಬ ಎರಡು ಸ್ತರಗಳನ್ನು ಜಾರಿಗೆ ತಂದಿತು. 2026ರಿಂದ ಹತ್ತನೆಯ ತರಗತಿಯ ಪರೀಕ್ಷೆಯನ್ನು ವರ್ಷಕ್ಕೆ ಎರಡು ಬಾರಿ ನಡೆಸಲು 2025ರಲ್ಲಿ ನಿರ್ಧರಿಸಿತು. ಎರಡನೆಯ ಬಾರಿ ಮೂರು ವಿಷಯಗಳವರೆಗೆ ಅಂಕಗಳನ್ನು ಉತ್ತಮಪಡಿಸಿಕೊಳ್ಳಲು ಅವಕಾಶವಿದೆ. ಹನ್ನೊಂದನೆಯ ತರಗತಿಯಲ್ಲಿ ಗಣಿತ ತೆಗೆದುಕೊಳ್ಳುವ ಇಚ್ಛೆಯಿರುವವರು ಸ್ತರವನ್ನು ಆರಿಸಿಕೊಳ್ಳುವ ಮುನ್ನ ಆ ವರ್ಷದ ಸುತ್ತೋಲೆಯನ್ನು ಶಾಲೆಯಲ್ಲಿ ಕೇಳಿ ಓದಬೇಕು. ಇಂಥ ನಿಯಮಗಳು ಬದಲಾಗುತ್ತಿರುತ್ತವೆ.

ಶಿಕ್ಷಕರ ಆಯ್ಕೆ

ಗಣಿತದಲ್ಲಿ ಮೇಧಾವಿಯಾದವರೆಲ್ಲರೂ ಒಳ್ಳೆಯ ಮನೆಪಾಠದ ಶಿಕ್ಷಕರಾಗಲಾರರು. ಶ್ರೀನಿವಾಸ ರಾಮಾನುಜನ್ ಅವರು ನೌಕರಿ ದೊರೆಯುವ ಮುನ್ನ ಮದರಾಸಿನಲ್ಲಿ ಮನೆಪಾಠ ಹೇಳಿ ಹೊಟ್ಟೆಹೊರೆಯಲು ಯತ್ನಿಸಿದ್ದರು. ಪಠ್ಯಕ್ರಮದ ಚೌಕಟ್ಟಿನಲ್ಲಿ ನಿಲ್ಲಲಾರದ ಅವರಿಗೆ ಆ ವೃತ್ತಿ ಕೈಹಿಡಿಯಲಿಲ್ಲ. ಇಲ್ಲಿ ಬೇಕಾದುದು ಪಾಂಡಿತ್ಯಕ್ಕಿಂತ ತಾಳ್ಮೆ, ತಪ್ಪಿನ ಮೂಲವನ್ನು ಅರಸುವ ಕುತೂಹಲ. ಇಂಜಿನಿಯರಿಂಗ್ ಅಥವಾ ಬಿ.ಎಸ್ಸಿ. ಓದುತ್ತಿರುವ ವಿದ್ಯಾರ್ಥಿಯೊಬ್ಬರು ಇದನ್ನು ಅನುಭವಿಗಳಷ್ಟೇ ಚೆನ್ನಾಗಿ ಮಾಡಬಲ್ಲರು.

ಮೊದಲ ಎರಡು ಮೂರು ದಿನ ಶಿಕ್ಷಕರು ಏನು ಮಾಡುತ್ತಾರೆಂಬುದನ್ನು ಗಮನಿಸಿದರೆ ಬಹಳಷ್ಟು ತಿಳಿಯುತ್ತದೆ. ಬಂದೊಡನೆ ಶಾಲೆಯಲ್ಲಿ ನಡೆಯುತ್ತಿರುವ ಪಾಠವನ್ನು ಹಿಡಿದು ವಿವರಿಸತೊಡಗುವವರಿಗಿಂತ, ಮಗುವಿನ ಹಳೆಯ ಉತ್ತರಪತ್ರಿಕೆಗಳನ್ನು ಕೇಳುವವರು, ಎರಡು ತರಗತಿ ಹಿಂದಿನ ಪುಸ್ತಕದಿಂದ ಹತ್ತು ಲೆಕ್ಕ ಕೊಟ್ಟು ಮಾಡಿಸುವವರು ವಿಶ್ವಾಸಾರ್ಹರು. ತಿಂಗಳ ಕೊನೆಯಲ್ಲಿ ಮಗುವಿನ ನೋಟುಪುಸ್ತಕವನ್ನು ತೆರೆದು ನೋಡಿ. ಅದರಲ್ಲಿ ಶಿಕ್ಷಕರ ಅಂದವಾದ ಅಕ್ಷರಗಳೇ ತುಂಬಿದ್ದರೆ ಪಾಠ ಸರಿಯಾಗಿ ನಡೆಯುತ್ತಿಲ್ಲವೆಂದೇ ಅರ್ಥ. ಹೊಡೆದುಹಾಕಿದ, ತಿದ್ದಿದ, ಮತ್ತೆ ಬರೆದ ಮಗುವಿನ ಅಕ್ಷರಗಳು ಹೆಚ್ಚಾಗಿದ್ದರೆ ಸಮಾಧಾನಪಡಬಹುದು. ಒಂದೂವರೆ ಗಂಟೆಯ ಪಾಠದಲ್ಲಿ ಒಂದು ಗಂಟೆಯಾದರೂ ಪೆನ್ನು ಮಗುವಿನ ಕೈಯಲ್ಲಿರಬೇಕು. ಶಾಲೆಯ ಮನೆಗೆಲಸವನ್ನು ಮಾಡಿ ಮುಗಿಸಿಕೊಡುವ ಶಿಕ್ಷಕರು ಮಕ್ಕಳಿಗೆ ಪ್ರಿಯರಾಗಿರುತ್ತಾರೆ, ಪಾಲಕರಿಗೆ ಪ್ರಿಯರಾಗಬಾರದು.

ಭೌತವಿಜ್ಞಾನದಲ್ಲಿ ಸ್ವಲ್ಪ ಕೈಕೆಲಸವೂ ಅಗತ್ಯ. ಮುಂಬಯಿಯ ಒಂದೇ ಕೋಣೆಯ ಮನೆಯಲ್ಲಿಯೂ ಕಿಟಕಿಯ ಸರಳಿಗೆ ದಾರ ಕಟ್ಟಿ ಬೀಗವೊಂದನ್ನು ತೂಗುಬಿಡಬಹುದು. ದಾರದ ಉದ್ದ ಒಂದು ಮೀಟರಿದ್ದರೆ ಒಂದು ಸಲ ಹೋಗಿ ಬರಲು ಸುಮಾರು 2 ಸೆಕೆಂಡು ಹಿಡಿಯುತ್ತದೆ. 20 ಆಂದೋಲನಗಳಿಗೆ ಸುಮಾರು 40 ಸೆಕೆಂಡು. ಭಾರವಾದ ಬೇರೊಂದು ಬೀಗ ಕಟ್ಟಿದರೂ ಕಾಲ ಬದಲಾಗದು. ದಾರವನ್ನು ಅರ್ಧಕ್ಕೆ ಇಳಿಸಿದರೆ ಕಾಲವೂ ಅರ್ಧವಾಗುವುದೆಂದು ಮಗು ಹೇಳುತ್ತದೆ. ಅಳೆದು ನೋಡಿದಾಗ ಹಾಗಾಗುವುದಿಲ್ಲ. ದಾರವನ್ನು ಕಾಲು ಮೀಟರಿಗೆ ಇಳಿಸಿದಾಗಲೇ ಕಾಲ ಒಂದು ಸೆಕೆಂಡಾಗುತ್ತದೆ. ವರ್ಗಮೂಲ ಎಂಬುದು ಲೆಕ್ಕದ ಪುಸ್ತಕದ ಆಚೆಗೂ ಇರುವ ಸಂಗತಿಯೆಂದು ಮಗುವಿಗೆ ಮೊದಲ ಬಾರಿ ಅನ್ನಿಸುವುದು ಇಂಥ ಸಂಜೆಗಳಲ್ಲಿ.

ಕಾನೂನು, ಶುಲ್ಕ ಮತ್ತು ಸುರಕ್ಷತೆ

2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣದ ಹಕ್ಕು ಅಧಿನಿಯಮದ 28ನೆಯ ಪ್ರಕರಣದ ಮೇರೆಗೆ ಶಾಲಾ ಶಿಕ್ಷಕರು ಖಾಸಗಿ ಪಾಠ ಹೇಳುವಂತಿಲ್ಲ. ಆದ್ದರಿಂದ ಮಗುವಿನ ಶಾಲೆಯ ಶಿಕ್ಷಕರೇ ತಮ್ಮಲ್ಲಿಗೆ ಪಾಠಕ್ಕೆ ಬರಬೇಕೆಂದು ಸೂಚಿಸಿದರೆ ಪಾಲಕರು ಒಪ್ಪಬೇಕಾಗಿಲ್ಲ. ಮುಖ್ಯೋಪಾಧ್ಯಾಯರ ಗಮನಕ್ಕೆ ತರಬಹುದು. 2024ರ ಜನವರಿಯಲ್ಲಿ ಶಿಕ್ಷಣ ಸಚಿವಾಲಯ ಹೊರಡಿಸಿದ ಮಾರ್ಗಸೂಚಿಯು 16 ವರ್ಷಕ್ಕಿಂತ ಕಿರಿಯರನ್ನು ಕೋಚಿಂಗ್ ಕೇಂದ್ರಗಳು ಸೇರಿಸಿಕೊಳ್ಳಬಾರದೆಂದೂ, ಮಧ್ಯದಲ್ಲಿ ಬಿಡುವ ವಿದ್ಯಾರ್ಥಿಗೆ ಉಳಿದ ಅವಧಿಯ ಶುಲ್ಕವನ್ನು 10 ದಿನಗಳೊಳಗೆ ಹಿಂದಿರುಗಿಸಬೇಕೆಂದೂ ಹೇಳುತ್ತದೆ. ಆದರೆ ಅದು 50ಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಕೇಂದ್ರಗಳನ್ನು ಕುರಿತದ್ದು. ಮನೆಗೆ ಬಂದು ಒಬ್ಬರಿಗೆ ಪಾಠ ಹೇಳುವ ಶಿಕ್ಷಕರು ಅದರ ವ್ಯಾಪ್ತಿಗೆ ಬರುವುದಿಲ್ಲವಾದ್ದರಿಂದ ಇಲ್ಲಿ ಪಾಲಕರೇ ಎಚ್ಚರ ವಹಿಸಬೇಕು. ವರ್ಷದ ಶುಲ್ಕವನ್ನು ಒಮ್ಮೆಲೇ ಮುಂಗಡವಾಗಿ ಕೊಡುವುದು ವಿವೇಕವಲ್ಲ. ತಿಂಗಳಿಗೊಮ್ಮೆ ಕೊಟ್ಟು, ತಪ್ಪಿದ ದಿನಗಳ ಬಗೆಗೆ ಮೊದಲೇ ಮಾತನಾಡಿಕೊಳ್ಳುವುದು ಉಭಯತ್ರರಿಗೂ ಕ್ಷೇಮ. ಅಂತರ್ಜಾಲದ ಮೂಲಕ ಪಾಠ ನೀಡುವ ಸಂಸ್ಥೆಗಳ ವಿಷಯದಲ್ಲಿ, ಬ್ಯಾಂಕ್ ಖಾತೆಯಿಂದ ಹಣ ತಾನಾಗಿಯೇ ಕಡಿತವಾಗುವ ಏರ್ಪಾಡಿಗೆ ಒಪ್ಪಿಗೆ ಕೊಡಬಾರದೆಂದು ಸಚಿವಾಲಯ 2021ರ ಡಿಸೆಂಬರಿನಲ್ಲಿಯೇ ಎಚ್ಚರಿಸಿದೆ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಸಲ್ಲಿಸಬಹುದು.

ಪಾಠ ನಡೆಯುವ ಸ್ಥಳವು ಮನೆಯವರ ಕಣ್ಣಿಗೆ ಬೀಳುವಂತಿರಬೇಕು. ನಡುಮನೆಯಾದರೆ ಒಳ್ಳೆಯದು, ಕೋಣೆಯಾದರೆ ಬಾಗಿಲು ತೆರೆದಿರಲಿ. ಇದು ಯಾರ ಮೇಲೂ ಅಪನಂಬಿಕೆಯಿಂದ ಹೇಳುವ ಮಾತಲ್ಲ. ಸಂಭಾವಿತ ಶಿಕ್ಷಕರು ತಾವಾಗಿಯೇ ಇದನ್ನು ಅಪೇಕ್ಷಿಸುತ್ತಾರೆ. ಮಗು ಕಾರಣ ಹೇಳದೆ ಪಾಠಕ್ಕೆ ಕುಳಿತುಕೊಳ್ಳಲು ಹಿಂಜರಿದರೆ ಅದನ್ನು ಸೋಮಾರಿತನವೆಂದು ತಳ್ಳಿಹಾಕದೆ ಸಮಾಧಾನದಿಂದ ವಿಚಾರಿಸಬೇಕು. ಮಕ್ಕಳ ಸಹಾಯವಾಣಿ 1098 ಹಗಲಿರುಳೂ ಕೆಲಸ ಮಾಡುತ್ತದೆ.

ಮನೆಪಾಠ ಬೇಡವಾದ ಸಂದರ್ಭಗಳು

ಅಂಕ ಇಳಿದೊಡನೆ ಶಿಕ್ಷಕರನ್ನು ಅರಸುವ ಮುನ್ನ ಮಗುವಿನ ಕಣ್ಣು ಪರೀಕ್ಷಿಸಿ. ಹಲಗೆಯ ಮೇಲಿನ ಘಾತಾಂಕದ ಚಿಕ್ಕ ಅಂಕಿ ಹಿಂದಿನ ಬೆಂಚಿನಲ್ಲಿ ಕುಳಿತ, ದೂರದೃಷ್ಟಿ ಮಂದವಾದ ಮಗುವಿಗೆ ಕಾಣದು. ಭಾಷೆಯ ಪಾಠದಲ್ಲಿ ಒಂದಕ್ಷರ ಕಾಣದಿದ್ದರೆ ಊಹಿಸಬಹುದು. ಗಣಿತದಲ್ಲಿ ಒಂದು ಚುಕ್ಕಿ ಕಾಣದಿದ್ದರೂ ಲೆಕ್ಕ ಕೆಡುತ್ತದೆ. ತರಗತಿಯ ಹೆಚ್ಚಿನ ಮಕ್ಕಳೆಲ್ಲರೂ ಒಂದೇ ವಿಷಯದಲ್ಲಿ ಹಿಂದೆ ಬಿದ್ದಿದ್ದರೆ ಅದು ಶಾಲೆಯ ಸಮಸ್ಯೆ. ಪಾಲಕರ ಸಭೆಯಲ್ಲಿ ಪ್ರಸ್ತಾಪಿಸಬೇಕಾದುದು. ಮುಂಜಾನೆ ಐದಕ್ಕೆ ಎದ್ದು ಲೋಕಲ್ ರೈಲು ಹಿಡಿದು ಶಾಲೆಗೆ ಹೋಗಿ, ಸಂಜೆ ಬೇರೊಂದು ತರಗತಿ ಮುಗಿಸಿ ಬರುವ ಮಗುವಿಗೆ ರಾತ್ರಿ ಎಂಟರ ಪಾಠಕ್ಕಿಂತ ನಿದ್ರೆ ಹೆಚ್ಚು ಪ್ರಯೋಜನಕರ.

ಶುಲ್ಕ ಕೊಡಲು ಶಕ್ತಿಯಿಲ್ಲದವರಿಗೂ ಮಾರ್ಗಗಳಿವೆ. ರಾಷ್ಟ್ರೀಯ ಶೈಕ್ಷಣಿಕ ಸಂಶೋಧನೆ ಮತ್ತು ತರಬೇತಿ ಪರಿಷತ್ತಿನ ಪಠ್ಯಪುಸ್ತಕಗಳೆಲ್ಲವೂ ಅಂತರ್ಜಾಲದಲ್ಲಿ ಉಚಿತವಾಗಿ ಲಭ್ಯ. 2017ರಲ್ಲಿ ಆರಂಭವಾದ 'ದೀಕ್ಷಾ' ವೇದಿಕೆಯಲ್ಲಿ ಕನ್ನಡವೂ ಸೇರಿದಂತೆ ಹಲವು ಭಾಷೆಗಳ ಪಾಠಗಳಿವೆ. 'ಪಿಎಂ ಇ-ವಿದ್ಯಾ' ಯೋಜನೆಯ ದೂರದರ್ಶನ ವಾಹಿನಿಗಳು ತರಗತಿವಾರು ಪಾಠಗಳನ್ನು ಪ್ರಸಾರ ಮಾಡುತ್ತವೆ. ಇವು ಪಾಠವನ್ನು ವಿವರಿಸಬಲ್ಲವು. 180 ಎಂಬ ಉತ್ತರ ಎಲ್ಲಿಂದ ಬಂತೆಂದು ಕೇಳಲಾರವು. ಆ ಕೆಲಸಕ್ಕೆ ಮನುಷ್ಯರೇ ಬೇಕು. ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿ ಮುಂದೆ ಬಂದ ದಕ್ಷಿಣ ಕನ್ನಡದ ಹುಡುಗರನ್ನು ಮುಂಬಯಿ ಕಂಡಿದೆ. ಆ ಶಾಲೆಗಳನ್ನು ಕಟ್ಟಿ ನಡೆಸಿದವರು ಸಮುದಾಯದ ಹಿರಿಯರೇ. ಇಂದಿನ ಕನ್ನಡ ಸಂಘಗಳು ವಾರದಲ್ಲಿ ಎರಡು ಸಂಜೆ ತಮ್ಮ ಸಭಾಭವನದ ಮೂಲೆಯೊಂದನ್ನು ಬಿಟ್ಟುಕೊಟ್ಟರೆ, ನಿವೃತ್ತ ಅಧ್ಯಾಪಕರೂ ಕಾಲೇಜು ವಿದ್ಯಾರ್ಥಿಗಳೂ ಒಬ್ಬೊಬ್ಬ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬಹುದು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮಕ್ಕಳು ಮಕ್ಕಳಿಗೇ ಕಲಿಸುವ ಪದ್ಧತಿಯನ್ನು ಪ್ರೋತ್ಸಾಹಿಸಿದೆ. ಹತ್ತನೆಯ ತರಗತಿಯ ಹುಡುಗಿ ಏಳನೆಯ ತರಗತಿಯ ತಮ್ಮನಿಗೆ ಭಿನ್ನರಾಶಿ ಹೇಳಿಕೊಟ್ಟರೆ ಇಬ್ಬರಿಗೂ ಪ್ರಯೋಜನವಾಗುತ್ತದೆ. ಆ ರೋಧಗಳ ಲೆಕ್ಕದಲ್ಲಿ ಎಡವಿದವಳು ಅವಳೇ ಆಗಿರಬಹುದು.

ಮನೆಪಾಠ ಆರಂಭಿಸುವಾಗಲೇ ಅದನ್ನು ಎಂದು ನಿಲ್ಲಿಸಬೇಕೆಂದೂ ಯೋಚಿಸಿರಬೇಕು. ಹಿಂದಿನ ತರಗತಿಗಳ ಬಿರುಕುಗಳನ್ನು ಮುಚ್ಚುವುದು ಉದ್ದೇಶವಾದರೆ, ವಾರಕ್ಕೆ ಎರಡು ದಿನದಂತೆ ನಾಲ್ಕಾರು ತಿಂಗಳು ಸಾಕಾಗುವುದುಂಟು. ಆಮೇಲೆ ವಾರಕ್ಕೊಮ್ಮೆಗೆ ಇಳಿಸಿ, ಮಗು ತಾನೇ ಮಾಡಲಾಗದೆ ಗುರುತುಹಾಕಿಟ್ಟ ಲೆಕ್ಕಗಳನ್ನು ಮಾತ್ರ ಶಿಕ್ಷಕರ ಮುಂದಿಡಲಿ. ಶಿಕ್ಷಕರು ಒಂದು ತಿಂಗಳು ಊರಿಗೆ ಹೋದಾಗ ಮಗು ಪುಸ್ತಕವನ್ನು ತಾನಾಗಿಯೇ ತೆರೆಯುತ್ತದೆಯೇ ಎಂಬುದನ್ನು ಗಮನಿಸಿ. ತೆರೆದು, ಉತ್ತರ ಬಾರದಾಗ ಎಲ್ಲಿ ತಪ್ಪಿತೆಂದು ಹಿಂದಿರುಗಿ ನೋಡುತ್ತಿದ್ದರೆ, ಶಿಕ್ಷಕರು ಊರಿನಿಂದ ಮರಳಿದ ಮೇಲೆ ಅವರೊಡನೆ ಕುಳಿತು ಪಾಠವನ್ನು ಮುಕ್ತಾಯಗೊಳಿಸುವ ದಿನಾಂಕವನ್ನು ಗೊತ್ತುಮಾಡಿಕೊಳ್ಳಬಹುದು.